ಅಡುಗೆಮನೆಯ ಅಳುಕು

ಮನುಷ್ಯನ ಭಯಗಳೆಲ್ಲ ಒಂದೇ ತೂಕದವಲ್ಲ. ಸಾವಿನ ಭಯ, ರೋಗದ ಭಯ, ಬಡತನದ ಭಯ ಇವು ದೊಡ್ಡವು. ಇವುಗಳನ್ನು ಕುರಿತು ತತ್ತ್ವಜ್ಞಾನಿಗಳು ಬರೆದಿದ್ದಾರೆ, ಅನುಭಾವಿಗಳು ನುಡಿದಿದ್ದಾರೆ. ಅವನ್ನು ಹೇಳಿಕೊಳ್ಳಲು ಯಾರೂ ನಾಚುವುದಿಲ್ಲ. ಆದರೆ ದಿನನಿತ್ಯದ ಬಾಳಿನಲ್ಲಿ ಹೇಳಿಕೊಳ್ಳಲಾಗದ ಸಣ್ಣ ಸಣ್ಣ ಭಯಗಳೂ ಇವೆ. ಹೇಳಿದರೆ ಜನ ನಕ್ಕಾರು ಎಂಬ ಒಂದೇ ಕಾರಣಕ್ಕೆ ಅವು ಒಳಗೇ ಉಳಿದು, ಒಳಗೇ ಬೆಳೆದು, ಕಡೆಗೆ ಮನುಷ್ಯನನ್ನು ತನ್ನ ಮನೆಯಲ್ಲಿಯೇ ಮೂಲೆಗೆ ಸರಿಸಿಬಿಡುತ್ತವೆ. ಅಂಥದೊಂದು ಭಯವನ್ನು ಕುರಿತು ಇಲ್ಲಿ ವಿಚಾರ ಮಾಡಬೇಕೆಂದಿದ್ದೇನೆ. ಅಡುಗೆಮನೆಯ ಹೊಸ ಯಂತ್ರಗಳ ಮುಂದೆ ನಿಂತಾಗ ಹುಟ್ಟುವ ಅಳುಕೇ ಅದು.

ವಿಷಯ ಅಲ್ಪವೆಂದು ಬಗೆದು ಓದುಗ ಬಂಧುಗಳು ಪುಟವನ್ನು ಮಗುಚಬಾರದಾಗಿ ವಿನಂತಿ. ಈ ಅಳುಕಿನ ಹಿಂದೆ ಒಂದು ನೀತಿಯ ಪ್ರಶ್ನೆ ಅಡಗಿದೆ. ಅರಿಯದವನ ಅಂಜಿಕೆಗೆ ಹೊಣೆ ಯಾರು, ಅರಿಯದವನೋ, ಅರಿತೆನೆಂದು ನಗುವವನೋ? ಈ ಪ್ರಶ್ನೆ ನನಗೆ ಪುಸ್ತಕದಿಂದ ಬಂದುದಲ್ಲ, ನನ್ನ ಮನೆಯಲ್ಲಿಯೇ ಎದುರಾದುದು. ಆದ್ದರಿಂದ ಮೊದಲು ಆ ಪ್ರಸಂಗವನ್ನು ನಿವೇದಿಸಿಕೊಳ್ಳುವುದು ಉಚಿತ.

ನಮ್ಮ ತಾಯಿಯವರು ರೋಣ ತಾಲೂಕಿನ ಒಂದು ಹಳ್ಳಿಯವರು. ಎಪ್ಪತ್ತು ದಾಟಿದ ಜೀವ. ಐವತ್ತು ವರ್ಷಕ್ಕೂ ಮಿಕ್ಕಿ ಒಲೆಯ ಮುಂದೆ ಕುಳಿತವರು. ಕೂಡುಕುಟುಂಬದ ಹದಿನಾಲ್ಕು ಜನಕ್ಕೆ, ಸುಗ್ಗಿಯಲ್ಲಿ ಆಳುಗಳಿಗೆ, ಜಾತ್ರೆಯಲ್ಲಿ ಬಂದ ಬಳಗಕ್ಕೆ ರೊಟ್ಟಿ ಬಡಿದವರು. ಹಂಚು ಕಾದಿದೆಯೋ ಇಲ್ಲವೋ ಎಂಬುದನ್ನು ನೀರಿನ ಹನಿ ಚಿಮುಕಿಸಿ, ಅದರ ಸಪ್ಪಳದಿಂದಲೇ ಹೇಳಬಲ್ಲವರು. ಹಿಟ್ಟಿನ ಹದವನ್ನು ಕಣ್ಣು ಮುಚ್ಚಿ ಬೆರಳಿನಿಂದ ಅರಿಯಬಲ್ಲವರು. ಹಳ್ಳಿಯ ಮನೆಗೆ ಗ್ಯಾಸ್ ಒಲೆ ಬಂದಾಗ ಅದನ್ನೂ ರೂಢಿಸಿಕೊಂಡರು. ತಂದೆಯವರು ಲಿಂಗೈಕ್ಯರಾದ ಮೇಲೆ ಬೆಂಗಳೂರಿನ ನಮ್ಮ ಮನೆಗೆ ಬಂದು ನೆಲೆಸಿದರು.

ಅವರು ಬಂದ ಮೊದಲ ಸಂಜೆ ನನ್ನ ಮಗ ಹೆಮ್ಮೆಯಿಂದ ಮೈಕ್ರೋವೇವ್ ಒಲೆಯಲ್ಲಿ ಹಾಲು ಕಾಸಿ ತೋರಿಸಿದ. ಅವರು ಅದರ ಗಾಜಿನ ಬಾಗಿಲಲ್ಲಿ ಬಗ್ಗಿ ನೋಡಿ, "ಇದರೊಳಗ ಬೆಂಕಿ ಎಲ್ಲೈತೋ?" ಎಂದು ಕೇಳಿದರು. ಮಗ ನಕ್ಕ. ಅವನನ್ನು ಗದರಿಸಬೇಕಾದ ನಾನೂ ನಕ್ಕೆ. ಅವರೂ ನಕ್ಕರು. ಅಲ್ಲಿಗೆ ಆ ಮಾತು ಮುಗಿಯಿತೆಂದು ನಾನು ತಿಳಿದೆ.

ಕೆಲವು ದಿನಗಳ ನಂತರ ಗ್ಯಾಸ್ ಸಿಲಿಂಡರು ತೀರಿತು. ಮರುಭರ್ತಿಯಾಗಿ ಬರುವುದಕ್ಕೆ ನಾಲ್ಕೈದು ದಿನ ತಡವಿತ್ತು. ಮನೆಯಲ್ಲಿ ಇಂಡಕ್ಷನ್ ಒಲೆಯೊಂದಿತ್ತು. ಕಚೇರಿಗೆ ಹೊರಡುವ ಅವಸರದಲ್ಲಿ ನಾನು ತಾಯಿಯವರನ್ನು ಕರೆದು, "ಇದನ್ನ ಒತ್ತು, ಇದು ಹೆಚ್ಚು ಮಾಡೂದು, ಇದು ಕಡಿಮಿ ಮಾಡೂದು, ಆದಮ್ಯಾಲ ಮತ್ತ ಇದನ್ನ ಒತ್ತು" ಎಂದು ಅರ್ಧ ನಿಮಿಷದಲ್ಲಿ ಪಾಠ ಮುಗಿಸಿ ಹೋದೆ. ನಾಲ್ಕನೆಯ ದಿನ ಮಧ್ಯಾಹ್ನವೇ ಮನೆಗೆ ಬಂದು ನೋಡುತ್ತೇನೆ, ಅವರು ನಿನ್ನೆಯ ಒಣರೊಟ್ಟಿಯನ್ನು ಮೊಸರು, ಶೇಂಗಾ ಹಿಂಡಿಯೊಡನೆ ಉಣ್ಣುತ್ತ ಕುಳಿತಿದ್ದಾರೆ. ಮಾಡಿಟ್ಟ ಪಲ್ಯ ಫ್ರಿಜ್ಜಿನಲ್ಲಿ ಹಾಗೆಯೇ ಇದೆ.

"ಯಾಕವ್ವಾ, ಪಲ್ಲೆ ಕಾಸಿಕೊಳ್ಳಲಿಲ್ಲೇನು?"

"ಹಸಿವು ಇದ್ದಿಲ್ಲಪಾ, ಇಷ್ಟ ಸಾಕಾತು."

ಆ ರಾತ್ರಿ ನನ್ನ ಮಡದಿ ಮೆಲ್ಲಗೆ ವಿಚಾರಿಸಿದಾಗ ನಿಜ ಹೊರಬಿತ್ತು. ಮೊದಲ ದಿನವೇ ಅವರು ಪಲ್ಯವನ್ನು ಒಂದು ಅಲ್ಯೂಮಿನಿಯಂ ಬೋಗುಣಿಯಲ್ಲಿ ಹಾಕಿ ಆ ಒಲೆಯ ಮೇಲಿಟ್ಟು ಗುಂಡಿ ಒತ್ತಿದ್ದರು. ಒಲೆ ಕಾಯಲಿಲ್ಲ, ಬದಲಿಗೆ ಕುಂಯ್ ಕುಂಯ್ ಎಂದು ಕೂಗತೊಡಗಿತು. ಅದರ ಮೈಮೇಲೆ ‘ಇ’ ಎಂಬ ಇಂಗ್ಲಿಷ್ ಅಕ್ಷರವೂ ಒಂದು ಸೊನ್ನೆಯೂ ಕೆಂಪಗೆ ಮಿನುಗಿದವು. ಸ್ವಲ್ಪ ಹೊತ್ತಿಗೆ ತಾನಾಗಿ ಆರಿಹೋಯಿತು. ಅವರು ಗಾಬರಿಗೊಂಡು ಹಿಂದೆ ಸರಿದವರು ಮತ್ತೆ ಅದರ ಹತ್ತಿರ ಹೋಗಿರಲಿಲ್ಲ. "ನಾ ಅದನ್ನ ಕೆಡಿಸೇನಿ ಅಂತ ಕಾಣತೈತಿ ತಂಗಿ, ಅವಂಗ ಹೇಳಬ್ಯಾಡ" ಎಂದು ಸೊಸೆಯ ಕೈ ಹಿಡಿದುಕೊಂಡರಂತೆ.

ಓದುಗ ಬಂಧುಗಳೇ, ಈ ಮಾತನ್ನು ಕೇಳಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ನನಗೆ ಉಣ್ಣಲು ಕಲಿಸಿದವರು ನನ್ನ ಮನೆಯಲ್ಲಿ ನಾಲ್ಕು ದಿನ ತಣ್ಣನೆಯ ಕೂಳು ಉಂಡಿದ್ದರು. ಅನ್ನಕ್ಕೆ ಕೊರತೆಯಿತ್ತೆ? ಇರಲಿಲ್ಲ. ಕೈಲಾಗದ ಮುಪ್ಪೆ? ಅದೂ ಅಲ್ಲ. ಒಂದು ಪ್ರಶ್ನೆ ಕೇಳಲು ಅಂಜಿ, ಕೇಳದೆ ಉಳಿದಿದ್ದರು. ಹೆತ್ತವಳು ಮಗನಿಗೆ ಹೇಳಬೇಡವೆಂದು ಸೊಸೆಯನ್ನು ಬೇಡುವ ಸ್ಥಿತಿಯನ್ನು ತಂದುದು ಆ ಒಲೆಯಲ್ಲ, ಮೊದಲ ಸಂಜೆಯ ನಗೆ.

"ಕುಣಿಯಲಾರದವಳು ನೆಲ ಡೊಂಕು ಎಂದಳಂತೆ" ಎಂಬ ಗಾದೆಯನ್ನು ನಾವು ಸುಲಭವಾಗಿ ಆಡಿಬಿಡುತ್ತೇವೆ. ತನ್ನ ಕೊರತೆಯನ್ನು ಹೊರಗಿನ ವಸ್ತುವಿನ ಮೇಲೆ ಹೊರಿಸುವವರಿಗೆ ಅದು ತಕ್ಕ ಮಾತೇ. ಆದರೆ ನೆಲ ನಿಜವಾಗಿ ಡೊಂಕಾಗಿರುವ ಸಂದರ್ಭವೂ ಇರಬಹುದಲ್ಲವೇ? ಅದನ್ನು ಪರೀಕ್ಷಿಸಿ ನೋಡಿದವರು ಎಷ್ಟು ಜನ? ನನ್ನ ತಾಯಿಯವರಂತೂ ನೆಲವನ್ನು ದೂರಲೇ ಇಲ್ಲ. ತಾವೇ ಕೆಡಿಸಿದೆವೆಂದು ತಲೆ ತಗ್ಗಿಸಿದರು. ಬಹುಮಂದಿ ಸಜ್ಜನರು ಮಾಡುವುದೂ ಹೀಗೆಯೇ. ಯಂತ್ರ ಕೈಕೊಟ್ಟರೆ ತಮ್ಮ ಬುದ್ಧಿಯನ್ನೇ ಹಳಿದುಕೊಳ್ಳುತ್ತಾರೆ.

ಶಾಂತಚಿತ್ತದಿಂದ ಬಿಡಿಸಿ ನೋಡಿದರೆ ಈ ಅಳುಕಿನಲ್ಲಿ ಮೂರು ಎಳೆಗಳು ಹೆಣೆದುಕೊಂಡಿರುವುದು ಕಾಣುತ್ತದೆ. ಒಂದು, ಅಪಾಯವಾದೀತೆಂಬ ಭಯ. ಎರಡು, ವಸ್ತು ಕೆಟ್ಟೀತೆಂಬ ಭಯ. ಮೂರು, ನಗೆಗೀಡಾದೇನೆಂಬ ಭಯ. ಈ ಮೂರಕ್ಕೂ ಮದ್ದು ಒಂದೇ ಅಲ್ಲ; ಹೊಣೆಗಾರರೂ ಒಬ್ಬರೇ ಅಲ್ಲ.

ಮೊದಲನೆಯ ಭಯವನ್ನು ಹೇಡಿತನವೆಂದು ತಳ್ಳಿಹಾಕಲಾಗದು. 1679ರಲ್ಲಿ ಡೆನಿ ಪಾಪಿನ್ ಎಂಬ ಫ್ರೆಂಚ್ ವಿಜ್ಞಾನಿ ಆವಿಯನ್ನು ಬಂಧಿಸಿ ಬೇಯಿಸುವ ಪಾತ್ರೆಯೊಂದನ್ನು ಲಂಡನ್ನಿನ ರಾಯಲ್ ಸೊಸೈಟಿಯ ವಿದ್ವಾಂಸರಿಗೆ ತೋರಿಸಿದನು. ಇಂದಿನ ಕುಕ್ಕರಿನ ಮೂಲಪುರುಷ ಅದೇ. ಬಂಧಿತವಾದ ಆವಿ ಪಾತ್ರೆಯನ್ನೇ ಸಿಡಿಸಬಲ್ಲದೆಂಬುದನ್ನು ಅರಿತು ಆತ ಅದಕ್ಕೆ ಭಾರ ಹೇರಿದ ಸುರಕ್ಷಾ ಕವಾಟವನ್ನು ಜೋಡಿಸಿದನು. ಅಂಜಬೇಕಾದಲ್ಲಿ ಅಂಜಿದ್ದರಿಂದಲೇ ಆ ಕವಾಟ ಹುಟ್ಟಿತು. ನಮ್ಮ ಮನೆಗಳ ಕುಕ್ಕರಿನಲ್ಲಿಯೂ ಒತ್ತಡದ ಕಾರಣದಿಂದ ನೀರು 100 ಡಿಗ್ರಿಯಲ್ಲಿ ನಿಲ್ಲದೆ ಸುಮಾರು 120 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಬೇಳೆ ಬೇಗ ಬೇಯುವ ಗುಟ್ಟು ಅದು. ಒತ್ತಡ ಮಿತಿಗೆ ಮುಟ್ಟಿದಾಗ ಸೀಟಿಯ ಭಾರ ಮೇಲೆದ್ದು ಆವಿಗೆ ದಾರಿ ಬಿಡುತ್ತದೆ. ಆ ದಾರಿ ಕಟ್ಟಿಕೊಂಡು ಕಾವು ಮಿತಿಮೀರಿದರೆ ಮುಚ್ಚಳದಲ್ಲಿರುವ ಸುರಕ್ಷಾ ಕವಾಟದ ಲೋಹ ಕರಗಿ ಇನ್ನೊಂದು ದಾರಿ ತೆರೆಯುತ್ತದೆ. ಇದಿಷ್ಟನ್ನು ಬಲ್ಲವರಿಗೆ ಸೀಟಿಯ ಕೂಗು ಬೆದರಿಕೆಯಾಗಿ ಕೇಳದೆ ಅಭಯದಂತೆ ಕೇಳುತ್ತದೆ. ಜೊತೆಗೆ ಅವರು ಸೀಟಿಯ ರಂಧ್ರವನ್ನು ತೊಳೆದಿಡುತ್ತಾರೆ, ಆವಿ ಇಳಿಯುವ ಮುನ್ನ ಮುಚ್ಚಳವನ್ನು ಬಲವಂತವಾಗಿ ತೆರೆಯುವುದಿಲ್ಲ. ಅಂಜಿಕೆ ಹೋದ ಮೇಲೂ ಎಚ್ಚರ ಉಳಿಯುವುದು ಹೀಗೆ.

ಗ್ಯಾಸಿನ ಮಾತೂ ಅಷ್ಟೆ. ಅಡುಗೆ ಅನಿಲಕ್ಕೆ ಸ್ವತಃ ಗಾಢವಾದ ವಾಸನೆಯಿಲ್ಲ. ಸೋರಿದರೆ ತಿಳಿಯಲೆಂದೇ ಅದಕ್ಕೆ ದುರ್ಗಂಧದ ದ್ರವ್ಯವನ್ನು ಬೆರೆಸಿರುತ್ತಾರೆ. ಅದು ಗಾಳಿಗಿಂತ ಭಾರವಾದುದರಿಂದ ಮೇಲೇರದೆ ನೆಲದಲ್ಲಿ ತಂಗುತ್ತದೆ. ಆದ್ದರಿಂದ ವಾಸನೆ ಬಂದಾಗ ರೆಗ್ಯುಲೇಟರನ್ನು ಬಂದ್ ಮಾಡಿ, ಕಿಟಕಿ ಬಾಗಿಲುಗಳನ್ನು ತೆರೆಯಬೇಕು. ವಿದ್ಯುತ್ತಿನ ಸ್ವಿಚ್ಚನ್ನು ಹಾಕಲೂಬಾರದು, ತೆಗೆಯಲೂಬಾರದು. ಅದರ ಕಿಡಿಯೇ ಸಾಕು. ಹೊರಗೆ ಬಂದು 1906 ಸಂಖ್ಯೆಗೆ ದೂರವಾಣಿ ಮಾಡಬೇಕು. ಇಷ್ಟನ್ನು ಮನೆಯ ಹಿರಿಯರಿಗೆ ಕುಳ್ಳಿರಿಸಿ ಹೇಳಿದವರು ನಮ್ಮಲ್ಲಿ ಎಷ್ಟು ಮಂದಿ? "ಮುಟ್ಟಬೇಡ, ನಿನಗೆ ತಿಳಿಯುವುದಿಲ್ಲ" ಎಂದು ಹೇಳಿದವರೇ ಹೆಚ್ಚು.

ಹಗ್ಗವನ್ನು ಹಾವೆಂದು ಬಗೆದು ನಡುಗುವವನಿಗೆ ಬೇಕಾದುದು ದೀಪವೇ ಹೊರತು ಬೈಗುಳವಲ್ಲ. ಹಾವೇ ಇದ್ದರೂ ಮೊದಲು ಬೇಕಾದುದು ದೀಪವೇ. ತಾಯಿಯವರು ಕೇಳಿದ "ಬೆಂಕಿ ಎಲ್ಲೈತಿ" ಎಂಬ ಪ್ರಶ್ನೆಯನ್ನೇ ತೆಗೆದುಕೊಳ್ಳಿರಿ. ನಾವು ನಕ್ಕ ಆ ಪ್ರಶ್ನೆಗಿಂತ ಸರಿಯಾದ ಪ್ರಶ್ನೆ ಬೇರೊಂದಿಲ್ಲ. ಒಲೆಯೆಂದ ಮೇಲೆ ಬೆಂಕಿಯಿರಬೇಕು. ಕಾಣದಿದ್ದರೆ ಅದೆಲ್ಲಿದೆಯೆಂದು ಕೇಳುವುದು ವಿವೇಕದ ಲಕ್ಷಣ. ನಿಜ ಹೇಳುವುದಾದರೆ ಅಂದು ಅದಕ್ಕೆ ಉತ್ತರ ನನಗೂ ಗೊತ್ತಿರಲಿಲ್ಲ. ಗುಂಡಿ ಒತ್ತುವುದನ್ನು ಬಲ್ಲೆನೆಂಬ ಮಾತ್ರಕ್ಕೆ ಅರಿತವನಂತೆ ನಕ್ಕಿದ್ದೆ. ಅಂದಿನ ನಾಚಿಕೆಯೇ ನನ್ನನ್ನು ಆಮೇಲೆ ಓದಲು ಹಚ್ಚಿತು.

1945ರಲ್ಲಿ ಅಮೆರಿಕದ ಪರ್ಸಿ ಸ್ಪೆನ್ಸರ್ ಎಂಬವರು ರೇಡಾರ್ ಯಂತ್ರದ ಮ್ಯಾಗ್ನೆಟ್ರಾನ್ ಎಂಬ ಅಂಗದ ಹತ್ತಿರ ನಿಂತಿದ್ದಾಗ ಅವರ ಜೇಬಿನಲ್ಲಿದ್ದ ಮಿಠಾಯಿ ಕರಗಿತೆಂಬುದು ಪ್ರಸಿದ್ಧವಾದ ಕಥೆ. 1947ರಲ್ಲಿ ಮಾರಾಟಕ್ಕೆ ಬಂದ ಮೊದಲ ಮೈಕ್ರೋವೇವ್ ಒಲೆ ಆಳೆತ್ತರವಿದ್ದು, 300 ಕಿಲೋಗ್ರಾಮಿಗೂ ಹೆಚ್ಚು ತೂಗುತ್ತಿತ್ತು. ಅದರೊಳಗೆ ಬೆಂಕಿಯಿಲ್ಲ, ರೇಡಿಯೋ ಅಲೆಗಳ ಜಾತಿಗೆ ಸೇರಿದ ಅಲೆಗಳಿವೆ. ಅವು ಆಹಾರದಲ್ಲಿರುವ ನೀರಿನ ಕಣಗಳನ್ನು ಕದಲಿಸುತ್ತವೆ. ಆ ಕದಲಿಕೆಯಿಂದಲೇ ಕಾವು ಹುಟ್ಟುತ್ತದೆ. ಅಲೆಯ ಉದ್ದ ಸುಮಾರು 12 ಸೆಂಟಿಮೀಟರು. ಬಾಗಿಲ ಗಾಜಿನೊಳಗಿನ ಲೋಹದ ಜಾಲರಿಯ ರಂಧ್ರಗಳು ಅದಕ್ಕಿಂತ ಎಷ್ಟೋ ಪಾಲು ಸಣ್ಣವಾದ್ದರಿಂದ ಅಲೆಗಳು ಹೊರಬರಲಾರವು. ಬಾಗಿಲು ತೆರೆದೊಡನೆ ಅಲೆಗಳ ಉತ್ಪತ್ತಿಯೇ ನಿಲ್ಲುತ್ತದೆ. ಲೋಹದ ಪಾತ್ರೆಯನ್ನೂ ಬಿಗಿಯಾಗಿ ಮುಚ್ಚಿದ ಡಬ್ಬಿಯನ್ನೂ ಅದರಲ್ಲಿ ಇಡಬಾರದು ಎಂಬ ಎಚ್ಚರವಿದ್ದರೆ ಸಾಕು.

ಇನ್ನು ಇಂಡಕ್ಷನ್ ಒಲೆ. ಅದರ ಗಾಜಿನ ಕೆಳಗೆ ತಂತಿಯ ಸುರುಳಿಯೊಂದಿದೆ. ಅದರಲ್ಲಿ ವಿದ್ಯುತ್ತು ಸೆಕೆಂಡಿಗೆ ಇಪ್ಪತ್ತು ಸಾವಿರಕ್ಕೂ ಹೆಚ್ಚು ಸಲ ಹಿಂದುಮುಂದಾಗಿ ಹರಿದು, ಮೇಲಿಟ್ಟ ಕಬ್ಬಿಣದ ತಳದಲ್ಲಿ ಸುಳಿಯಂಥ ಪ್ರವಾಹಗಳನ್ನು ಹುಟ್ಟಿಸುತ್ತದೆ. ಅದರಿಂದ ಪಾತ್ರೆಯ ತಳವೇ ಕಾಯುತ್ತದೆ. ಅಂದರೆ ಬೆಂಕಿ ಒಲೆಯಲ್ಲಿಲ್ಲ, ಪಾತ್ರೆಯಲ್ಲಿದೆ. ಅಯಸ್ಕಾಂತಕ್ಕೆ ಅಂಟುವ ತಳವಿದ್ದರೆ ಮಾತ್ರ ಈ ಕೆಲಸ ನಡೆಯುತ್ತದೆ. ಸಾಮಾನ್ಯ ಅಲ್ಯೂಮಿನಿಯಂ, ತಾಮ್ರ, ಮಣ್ಣಿನ ಪಾತ್ರೆಗಳು ನಡೆಯವು. ತಾಯಿಯವರು ಏನನ್ನೂ ಕೆಡಿಸಿರಲಿಲ್ಲವೆಂಬುದು ಈಗ ಸ್ಪಷ್ಟವಾಗಿರಬೇಕು. "ಈ ಪಾತ್ರೆ ನನಗೆ ಸಲ್ಲದು" ಎಂದು ಒಲೆ ಹೇಳುತ್ತಿತ್ತು. ಆದರೆ ಹೇಳಿದುದು ಅವರು ಓದಲಾರದ ಅಕ್ಷರದಲ್ಲಿ, ಗದರಿಕೆಯಂಥ ದನಿಯಲ್ಲಿ.

ಎರಡನೆಯದು ವಸ್ತು ಕೆಟ್ಟೀತೆಂಬ ಭಯ. ಇದು ಬಡತನವನ್ನು ಕಂಡುಂಡ ತಲೆಮಾರಿನ ಗುಣ. ಒಳಕಲ್ಲು ಕೆಡುವ ವಸ್ತುವಲ್ಲ. ಅಜ್ಜಿಯ ಕಾಲದ್ದು ಮೊಮ್ಮಗಳಿಗೂ ಬರುತ್ತಿತ್ತು. ಹೊಸ ಯಂತ್ರವಾದರೋ ಮಗನ ಸಂಬಳದಲ್ಲಿ ಕೊಂಡದ್ದು, ಒಳಗೆ ಏನಿದೆಯೆಂದು ಕಾಣದಂಥದು. ಇಂಥವರನ್ನು ನೋಡಿ ನಗುವ ಮೊದಲು ಒಂದು ಮಾತು ನೆನೆಯಬೇಕು. ಎಷ್ಟೋ ಮನೆಗಳಲ್ಲಿ ಮಿಕ್ಸರ್ ಗಟ್ಟಿ ಹಿಟ್ಟಿನ ಭಾರಕ್ಕೆ ತಟಕ್ಕನೆ ನಿಂತುಬಿಡುತ್ತದೆ. ರುಬ್ಬುತ್ತಿದ್ದ ಹೆಣ್ಣುಮಗಳು ಮೋಟಾರು ಸುಟ್ಟಿತೆಂದು ಎದೆಗುಂದುತ್ತಾಳೆ. ಬಹುಪಾಲು ಮಿಕ್ಸರುಗಳ ಅಡಿಯಲ್ಲಿ, ಸಾಮಾನ್ಯವಾಗಿ ಕೆಂಪು ಬಣ್ಣದ, ಒಂದು ಸಣ್ಣ ಗುಂಡಿ ಇರುತ್ತದೆ. ಭಾರ ಹೆಚ್ಚಾದಾಗ ಮೋಟಾರು ಸುಡದಿರಲೆಂದು ಅದು ತಾನಾಗಿ ವಿದ್ಯುತ್ತನ್ನು ಕಡಿದುಹಾಕುತ್ತದೆ. ಸ್ವಿಚ್ಚು ತೆಗೆದು, ಸ್ವಲ್ಪ ಹೊತ್ತು ಆರಲು ಬಿಟ್ಟು, ಹಿಟ್ಟನ್ನು ಕಡಿಮೆ ಮಾಡಿ ಆ ಗುಂಡಿಯನ್ನು ಒತ್ತಿದರೆ ಯಂತ್ರ ಮತ್ತೆ ತಿರುಗುತ್ತದೆ. ಆ ಗುಂಡಿಯನ್ನು ಮನೆಯವರಿಗೆ ತೋರಿಸದೆ ನಾವು ಕೊಂಡು ತಂದ ವಸ್ತುವನ್ನು ಮಾತ್ರ ತೋರಿಸಿ ಬೀಗುತ್ತೇವೆ. ಈ ಭಯಕ್ಕೆ ಮದ್ದು ಮನೆಯ ಯಜಮಾನನ ಒಂದು ಮಾತು: "ಕೆಟ್ಟರೆ ಕೆಡಲಿ, ನಿಮಗಿಂತ ಅದು ಹೆಚ್ಚಿನದಲ್ಲ." ಆ ಮಾತನ್ನು ಬಾಯಿಬಿಟ್ಟು ಆಡಬೇಕು. ಮನಸ್ಸಿನಲ್ಲಿದ್ದರೆ ಸಾಲದು.

ಮೂರನೆಯ ಭಯವೇ ಎಲ್ಲಕ್ಕೂ ದೊಡ್ಡದು. ಮೊದಲೆರಡು ವಸ್ತುವಿಗೆ ಸಂಬಂಧಿಸಿದವು, ಇದು ಮಾನಕ್ಕೆ ಸಂಬಂಧಿಸಿದುದು. ಐವತ್ತು ವರ್ಷ ಅಡುಗೆಮನೆಯ ಒಡತಿಯಾಗಿದ್ದವರು ಒಂದು ಗಾಜಿನ ಹಲಗೆಯ ಮುಂದೆ ದಿನ ಬೆಳಗಾಗುವುದರೊಳಗೆ ಅರಿಯದ ಮಗುವಾಗಿಬಿಡುತ್ತಾರೆ. ಅವರ ಬೆರಳ ಹದಕ್ಕೆ, ಮೂಗಿನ ಅರಿವಿಗೆ, ಕಿವಿಯ ಅನುಭವಕ್ಕೆ ಅಲ್ಲಿ ಬೆಲೆಯಿಲ್ಲ. ಕಟ್ಟಿಗೆಯ ಒಲೆ ಉರಿದರೆ ಕಾಣುತ್ತಿತ್ತು, ಆರಿದರೆ ಹೊಗೆಯಾಡುತ್ತಿತ್ತು. ಅದರ ಸ್ಥಿತಿಯನ್ನು ತಿಳಿಯಲು ಓದು ಬೇಕಿರಲಿಲ್ಲ. ಹೊಸ ಒಲೆ ಕಾದರೂ ಹಾಗೆಯೇ ಇರುತ್ತದೆ, ಆರಿದರೂ ಹಾಗೆಯೇ ಇರುತ್ತದೆ.

ಇಲ್ಲಿಯೇ ಆ ಡೊಂಕು ನೆಲದ ವಿಚಾರ ಬರುತ್ತದೆ. ನಾಲ್ಕು ಉರಿಗಳ ಒಲೆಯನ್ನು ನೀವು ಕಂಡಿರಬಹುದು. ಉರಿಗಳು ಚೌಕವಾಗಿ, ಹಿಂದೆ ಎರಡು, ಮುಂದೆ ಎರಡು ಇರುತ್ತವೆ. ಅವುಗಳ ತಿರುಪುಗಳು ಮಾತ್ರ ಒಂದೇ ಸಾಲಿನಲ್ಲಿರುತ್ತವೆ. ಯಾವ ತಿರುಪು ಯಾವ ಉರಿಯದು? 1959ರಲ್ಲಿ ಚಪಾನಿಸ್ ಮತ್ತು ಲಿಂಡನ್‌ಬಾಮ್ ಎಂಬ ಅಮೆರಿಕದ ಸಂಶೋಧಕರು ಇದನ್ನೇ ಪರೀಕ್ಷೆಗೊಡ್ಡಿದರು. ಚೌಕವಾಗಿ ಉರಿಗಳಿದ್ದ ಮಾದರಿಗಳಲ್ಲಿ ಜನ ಮತ್ತೆ ಮತ್ತೆ ತಪ್ಪು ತಿರುಪನ್ನು ಹಿಡಿದರು. ಉರಿಗಳನ್ನು ಸ್ವಲ್ಪ ಓರೆಯಾಗಿ ಸರಿಸಿ, ಪ್ರತಿಯೊಂದೂ ತನ್ನ ತಿರುಪಿನ ನೇರಕ್ಕೆ ಬರುವಂತೆ ಮಾಡಿದ ಮಾದರಿಯಲ್ಲಿ ಒಂದೂ ತಪ್ಪಾಗಲಿಲ್ಲ. ಇಲ್ಲಿ ಜನರ ಬುದ್ಧಿ ಬದಲಾಗಲಿಲ್ಲ, ಒಲೆಯ ರೂಪ ಬದಲಾಯಿತು. ತಪ್ಪುಗಳು ತಾವಾಗಿ ಮಾಯವಾದವು. 1988ರಲ್ಲಿ ಡೊನಾಲ್ಡ್ ನಾರ್ಮನ್ ಎಂಬ ಮನಶ್ಶಾಸ್ತ್ರಜ್ಞರು ದಿನಬಳಕೆಯ ವಸ್ತುಗಳನ್ನು ಕುರಿತು ಬರೆದ ಗ್ರಂಥದಲ್ಲಿ ಇದೇ ಒಲೆಯ ಉದಾಹರಣೆಯನ್ನೆತ್ತಿ, ವಸ್ತುವಿನ ರಚನೆಯ ದೋಷಕ್ಕೆ ಜನ ತಮ್ಮನ್ನೇ ದೂಷಿಸಿಕೊಳ್ಳುತ್ತಾರೆಂಬುದನ್ನು ವಿಸ್ತಾರವಾಗಿ ವಿವೇಚಿಸಿದರು. ಅಂದ ಮೇಲೆ ನೆಲ ಡೊಂಕೆನ್ನುವವಳನ್ನು ಹಳಿಯುವ ಮುನ್ನ ನೆಲಕ್ಕೆ ಒಮ್ಮೆ ಹಗ್ಗ ಹಿಡಿದು ನೋಡುವುದು ನ್ಯಾಯ. ಕನ್ನಡ ಬಲ್ಲವರ ಮನೆಗೆ ಮಾರುವ ಯಂತ್ರದ ಮೇಲೆ ಕನ್ನಡದ ಒಂದು ಅಕ್ಷರವಿಲ್ಲದಿದ್ದರೆ, ಆ ಡೊಂಕಿಗೆ ಅಡುಗೆಯವಳು ಹೊಣೆಯೇ?

ಇಲ್ಲಿ ಒಂದು ಆಕ್ಷೇಪ ಏಳಬಹುದು. "ಇಷ್ಟೆಲ್ಲ ಗೋಜೇಕೆ? ಹಳೆಯ ಒಲೆ, ಒಳಕಲ್ಲುಗಳೇ ಲೇಸಲ್ಲವೇ?" ಎಂದು. ಈ ಮಾತಿಗೂ ಹಿರಿಯ ಪರಂಪರೆಯಿದೆ. ಚೀನಾದೇಶದ ಪ್ರಾಚೀನ ಗ್ರಂಥವಾದ ಚುವಾಂಗ್-ತ್ಸೆಯಲ್ಲಿ ಒಂದು ಕಥೆ ಬರುತ್ತದೆ. ತೋಟಿಗನೊಬ್ಬ ಕೊಡದಲ್ಲಿ ನೀರು ಹೊತ್ತು ಗಿಡಗಳಿಗೆ ಉಣಿಸುತ್ತಿರುತ್ತಾನೆ. ದಾರಿಹೋಕನಾದ ಕನ್‌ಫ್ಯೂಷಿಯಸ್‌ನ ಶಿಷ್ಯನು ಏತವನ್ನು ಬಳಸೆಂದು ಸಲಹೆ ಕೊಡುತ್ತಾನೆ. ಯಂತ್ರವಿದ್ದಲ್ಲಿ ಯಂತ್ರದಂಥ ಮನಸ್ಸು ಬೆಳೆಯುತ್ತದೆ, ಏತವನ್ನು ಅರಿಯದೆ ಅಲ್ಲ, ಬಳಸಲು ನಾಚಿ ಬಿಟ್ಟಿದ್ದೇನೆ ಎಂಬ ಅರ್ಥದಲ್ಲಿ ತೋಟಿಗ ಉತ್ತರ ಕೊಡುತ್ತಾನೆ. ಆತನ ನಿಲುವು ದೊಡ್ಡದು. ಆದರೆ ಅರಿತು ಬಿಟ್ಟವನ ಹಾಗೂ ಅಂಜಿ ಬಿಟ್ಟವರ ನಡುವಿನ ಅಂತರವನ್ನು ಮರೆಯಬಾರದು. ತೋಟಿಗ ಬಿಟ್ಟದ್ದು ಸ್ವಾತಂತ್ರ್ಯದಿಂದ. ನನ್ನ ತಾಯಿಯವರು ಬಿಟ್ಟದ್ದು ಅವಮಾನದಿಂದ.

ಹಳೆಯ ಒಲೆಯನ್ನು ಹೊಗಳುವಾಗ ಅದರ ಹೊಗೆಯನ್ನೂ ನೆನೆಯಬೇಕು. ಕಟ್ಟಿಗೆ, ಕುಳ್ಳು ಮೊದಲಾದವುಗಳ ಹೊಗೆಯಿಂದ ಕೆಡುವ ಮನೆಯೊಳಗಿನ ಗಾಳಿಯ ದೆಸೆಯಿಂದ 2020ರಲ್ಲಿ ಜಗತ್ತಿನಲ್ಲಿ ಸುಮಾರು 32 ಲಕ್ಷ ಜನ ಅಕಾಲ ಮರಣಕ್ಕೀಡಾದರೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು. ಊದುಗೊಳವೆ ಊದಿ ಕಣ್ಣು ಕೆಂಪಾದ ತಾಯಂದಿರನ್ನು ಕಂಡವರು ಆ ಕಾಲ ಮರಳಲೆಂದು ಹಾರೈಸಲಾರರು. ಗಾಂಧೀಜಿಯವರು ಕೂಡ 1924ರಲ್ಲಿ ಈ ಪ್ರಶ್ನೆ ಬಂದಾಗ, ತಮ್ಮ ವಿರೋಧ ಯಂತ್ರದ ಹುಚ್ಚಿಗೆ ಹೊರತು ಯಂತ್ರಕ್ಕಲ್ಲವೆಂದು ಹೇಳಿ, ಹೊಲಿಗೆಯ ಯಂತ್ರವನ್ನು ಉಪಯುಕ್ತವೆಂದು ಎತ್ತಿ ಹಿಡಿದರು. ಹೆಂಡತಿ ಕೈಯಿಂದ ಹೊಲಿದು ದಣಿಯುವುದನ್ನು ಕಂಡು, ಅವಳ ಮೇಲಿನ ಪ್ರೀತಿಯಿಂದ ಸಿಂಗರ್ ಅದನ್ನು ರಚಿಸಿದನೆಂದು ಅವರು ಹೇಳಿದರು. ಯಂತ್ರವನ್ನು ಅಳೆಯುವ ಅಳತೆಗೋಲು ಇದೇ: ಅದು ಮನುಷ್ಯನ ದಣಿವನ್ನು ಕಳೆಯಬೇಕು, ಅವನ ಮಾನವನ್ನು ಕಳೆಯಬಾರದು. ಪ್ರೀತಿಯಿಂದ ಹುಟ್ಟಿದ ಯಂತ್ರವನ್ನು ಪ್ರೀತಿಯಿಲ್ಲದೆ ಕೈಗಿತ್ತರೆ ಅದು ಅಪಮಾನದ ಸಾಧನವಾಗುತ್ತದೆ.

"ಇನ್ನು ಮೇಲೆ ನೀವೇನೂ ಮಾಡಬೇಡಿರಿ, ಸುಮ್ಮನೆ ಕುಳಿತಿರಿ" ಎಂದು ಹೇಳುವುದೂ ಪರಿಹಾರವಲ್ಲ. ಕೇಳಲು ಅದು ಕರುಣೆಯ ಮಾತು. ಆದರೆ ಬಾಳಿನುದ್ದಕ್ಕೂ ಅಡುಗೆಯನ್ನೇ ಕಾಯಕವಾಗಿ ನಡೆಸಿದವರ ಕೈಯಿಂದ ಸೌಟನ್ನು ಕಸಿದರೆ ವಿಶ್ರಾಂತಿ ಕೊಟ್ಟಂತಾಗುವುದಿಲ್ಲ, ಅವರ ಸ್ಥಾನವನ್ನೇ ಕಿತ್ತುಕೊಂಡಂತಾಗುತ್ತದೆ. ಮಾಡಬೇಕೋ ಬೇಡವೋ ಎಂಬ ಆಯ್ಕೆ ಅವರದಾಗಿರಬೇಕು. ಆ ಆಯ್ಕೆ ಅವರದಾಗಬೇಕಾದರೆ ಮೊದಲು ಅರಿವು ಅವರದಾಗಬೇಕು.

ಹಾಗಾದರೆ ಕಲಿಸುವುದು ಹೇಗೆ? ಇದಕ್ಕೆ ಗುರು ನನಗೆ ನನ್ನ ಬಾಲ್ಯದ ನೆನಪಿನಲ್ಲಿಯೇ ದೊರೆತರು. 1978ರ ಸುಮಾರಿಗೆ ನಮ್ಮ ಸೋದರಮಾವ ಹುಬ್ಬಳ್ಳಿಯಿಂದ ಒಂದು ಕುಕ್ಕರನ್ನು ತಂದುಕೊಟ್ಟಿದ್ದರು. ಅದು ಮೊದಲ ಸಲ ಸೀಟಿ ಹೊಡೆದಾಗ ಮನೆಯ ಹೆಂಗಸರೆಲ್ಲ ಪಡಸಾಲೆಗೆ ಓಡಿಬಂದಿದ್ದರು. ಪಕ್ಕದ ಮನೆಯ ಶಾಲಾಮಾಸ್ತರರ ಮಡದಿ ಅದನ್ನು ಬಲ್ಲವರಾಗಿದ್ದರು. ಅವರು ನಗಲಿಲ್ಲ, ಉಪದೇಶವನ್ನೂ ಮಾಡಲಿಲ್ಲ. ಮೂರು ಸಂಜೆ ಬಂದು ನಮ್ಮ ತಾಯಿಯವರ ಪಕ್ಕದಲ್ಲಿ ಸುಮ್ಮನೆ ಕುಳಿತರು. ಕೈ ತಾಯಿಯವರದು, ಧೈರ್ಯ ಅವರದು. ನಾಲ್ಕನೆಯ ಸಂಜೆ ಅವರು ಬರಬೇಕಾಗಲಿಲ್ಲ. ಹೀಗೆ ಅಂಜಿದ್ದವರೇ ಮುಂದೆ ಊರಿನ ಎಷ್ಟೋ ಮನೆಗಳಿಗೆ ಹೋಗಿ ಕುಕ್ಕರಿನ ಬಳಕೆಯನ್ನು ಕಲಿಸಿದರು. ಇದನ್ನೆಲ್ಲ ಕಣ್ಣಾರೆ ಕಂಡ ನಾನೇ ಅರ್ಧ ನಿಮಿಷದ ಪಾಠ ಹೇಳಿ ಹೊರಟುಹೋಗಿದ್ದೆ.

ಮರುದಿನ ರಜೆ ಹಾಕಿ ತಾಯಿಯವರ ಪಕ್ಕದಲ್ಲಿ ಕುಳಿತೆ. ಗುಂಡಿಯ ಮಾತನ್ನು ಬದಿಗಿಟ್ಟು, ಮೊದಲು ಬೆಂಕಿ ಎಲ್ಲಿದೆಯೆಂಬ ಅವರ ಪ್ರಶ್ನೆಗೆ ಉತ್ತರ ಹೇಳಿದೆ. ಮಗ ಒಂದು ಅಯಸ್ಕಾಂತವನ್ನು ತಂದುಕೊಟ್ಟ. ಅವನ ಮುಖದಲ್ಲಿಯೂ ಅಂದು ನಗೆಯಿರಲಿಲ್ಲ. ತಾಯಿಯವರು ಅದನ್ನು ಪಾತ್ರೆಗಳ ತಳಕ್ಕೆ ಒಂದೊಂದಾಗಿ ಹಿಡಿದು ಅಂಟುವವನ್ನೂ ಅಂಟದವನ್ನೂ ಬೇರೆ ಬೇರೆ ಇಟ್ಟರು. ಕಬ್ಬಿಣದ ಹಂಚಿಗೆ ಅದು ಟಕ್ಕನೆ ಅಂಟಿದಾಗ ಒಂದು ಗಳಿಗೆ ಯೋಚಿಸಿ, "ಅಂದ್ರ ಒಲಿ ಹಂಚ ಕಾಸೂದಿಲ್ಲ, ಹಂಚ ತಾನ ಕಾಯತೈತಿ, ಹೌದಲ್ಲೋ?" ಎಂದರು. ನಾನು ಎರಡು ಪುಟ ಓದಿ ತಿಳಿದುದನ್ನು ಅವರು ಒಂದು ಮಾತಿನಲ್ಲಿ ಹೇಳಿದ್ದರು. ನನ್ನ ಮಡದಿ ಉಗುರುಬಣ್ಣದಿಂದ ಹೊತ್ತಿಸುವ ಗುಂಡಿಗೆ ಒಂದು ಬೊಟ್ಟು, ಹೆಚ್ಚಿಸುವುದಕ್ಕೆ ಎರಡು, ಕಡಿಮೆ ಮಾಡುವುದಕ್ಕೆ ಮೂರು ಬೊಟ್ಟು ಇಟ್ಟಳು. ಬೇಕೆಂದೇ ಅಲ್ಯೂಮಿನಿಯಂ ಬೋಗುಣಿಯನ್ನು ಇಟ್ಟು ಒಲೆ ಕೂಗುವುದನ್ನು ಅವರಿಂದಲೇ ಮಾಡಿಸಿದೆವು. ತಪ್ಪು ಮಾಡಿದರೂ ಏನೂ ಆಗುವುದಿಲ್ಲವೆಂಬುದನ್ನು ಕಣ್ಣಾರೆ ಕಂಡ ಮೇಲೆ ಆ ಕೂಗಿಗೆ ಅವರು ಅಂಜಲಿಲ್ಲ.

ಇಂದು ಅವರು ಆ ಒಲೆಯನ್ನು ಬಳಸುತ್ತಾರೆ. ರೊಟ್ಟಿಗೆ ಮಾತ್ರ ಗ್ಯಾಸಿನ ಉರಿಯೇ ಬೇಕೆನ್ನುತ್ತಾರೆ. ಮೈಕ್ರೋವೇವ್ ಒಲೆಯನ್ನು ಈಗಲೂ ಮುಟ್ಟುವುದಿಲ್ಲ. "ಉರಿ ಕಾಣದ ಅಡಿಗಿ ನನಗ ಒಗ್ಗೂದಿಲ್ಲ" ಎಂದು ನಿರ್ಭಯವಾಗಿ ಹೇಳುತ್ತಾರೆ. ನಾವು ಒತ್ತಾಯಿಸುವುದಿಲ್ಲ. ಏಕೆಂದರೆ ಅದು ಈಗ ಅಂಜಿಕೆಯ ಮಾತಲ್ಲ. ಆ ತೋಟಿಗನದರಂತೆ ಅರಿತು ಆಡಿದ ಮಾತು.

ಓದುಗ ಬಂಧುಗಳೇ, ಈ ಅಳುಕು ನಾಳೆ ನಮ್ಮದೂ ಆಗುವುದು. ಇಂದು ನಮಗೆ ಸುಲಭವಾದುದು ನಾಳೆಯ ಮಕ್ಕಳಿಗೆ ಹಳತಾಗಿ, ಅವರಿಗೆ ಸುಲಭವಾದುದರ ಮುಂದೆ ನಾವೂ ಬೆರಳು ಹಿಂದೆಗೆದು ನಿಲ್ಲುವ ದಿನ ದೂರವಿಲ್ಲ. ಆದ್ದರಿಂದ ಅಂಜುವವರಲ್ಲಿ ನನ್ನದೊಂದು ಬಿನ್ನಹ: ಕೇಳಲು ನಾಚಬೇಡಿರಿ, ಅರಿಯದಿರುವುದು ದೋಷವಲ್ಲ. ಅರಿತವರಲ್ಲಿ ಇನ್ನೊಂದು ಬಿನ್ನಹ: ಈ ಸಂಜೆ ಮನೆಗೆ ಹೋದಾಗ ನಿಮ್ಮ ತಾಯಿಯೋ ಅತ್ತೆಯೋ ಅಜ್ಜಿಯೋ ಮಧ್ಯಾಹ್ನ ಏನು ಉಂಡರು, ಬಿಸಿ ಮಾಡಿಕೊಂಡು ಉಂಡರೇ ಎಂದು ಕೇಳಿರಿ. "ಹಸಿವಿರಲಿಲ್ಲ" ಎಂಬ ಉತ್ತರ ಬಂದರೆ ಅದನ್ನು ಅಷ್ಟಕ್ಕೇ ನಂಬಿ ಎದ್ದುಹೋಗಬೇಡಿರಿ. ಅವರ ಪಕ್ಕದಲ್ಲಿ ಸ್ವಲ್ಪ ಹೊತ್ತು ಕುಳಿತುಕೊಳ್ಳಿರಿ.